35 ಡಿಗ್ರಿಯಲ್ಲಿ 6.84 ತೋರಿಸುವ ನೀರು ಹುಳಿಯಾಗಿಲ್ಲ

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ದಾವಣಗೆರೆಯ ಯಾವುದೋ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬು, ಕಿಟಕಿ ಪಕ್ಕದ ಕಪಾಟಿನಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು. ಥರ್ಮಾಮೀಟರ್ ಅದ್ದಿದರೆ 35 ಡಿಗ್ರಿ. ಆ ನೀರು ನಿಜವಾಗಿಯೂ ಶುದ್ಧವಾಗಿದ್ದು, ಗಾಳಿ ಸೋಕದೆ ಉಳಿದಿದ್ದು, ಮೀಟರೂ ಸರಿಯಾಗಿದ್ದರೆ ಬರಬೇಕಾದ ಪಿಎಚ್ 6.84. ಸರಿಯಾಗಿ 7.00 ಬಂತೆಂದರೆ ಸಂತೋಷಪಡಬೇಡಿ, ಎಲ್ಲೋ ತಪ್ಪಾಗಿದೆ. ಅದೇ ನೀರನ್ನು ಜನವರಿ ಬೆಳಗ್ಗೆ 15 ಡಿಗ್ರಿಯಲ್ಲಿ ಅಳೆದರೆ 7.17 ಬರಬೇಕು. ಎರಡೂ ಹೊತ್ತಿನಲ್ಲಿ ನೀರು ತಟಸ್ಥವೇ. ಹುಳಿಯೂ ಆಗಿಲ್ಲ, ಕ್ಷಾರವೂ ಆಗಿಲ್ಲ.

'ಪಿಎಚ್ 7 ಅಂದರೆ ತಟಸ್ಥ, ಕೆಳಗೆ ಆಮ್ಲ, ಮೇಲೆ ಕ್ಷಾರ' ಎಂದು ಹೈಸ್ಕೂಲಿನಲ್ಲಿ ಬಾಯಿಪಾಠವಾಗುತ್ತದೆ. ಆ ವಾಕ್ಯಕ್ಕೆ '25 ಡಿಗ್ರಿ ಸೆಲ್ಸಿಯಸ್‌ನಲ್ಲಿ' ಎಂಬ ಬಾಲವಿದೆ. ಬಾಯಿಪಾಠ ಮಾಡುವಾಗ ಆ ಬಾಲ ಕಳಚಿಬಿದ್ದಿರುತ್ತದೆ. ವರ್ಷದ ಬಹುಪಾಲು 25ಕ್ಕಿಂತ ಬಿಸಿಯಿರುವ ನಮ್ಮ ಬಯಲುಸೀಮೆಯಲ್ಲಿ ಈ ಬಾಲ ಬಹಳ ಮುಖ್ಯ.

ನೀರಿನ ಅಣು ತನ್ನಷ್ಟಕ್ಕೆ ತಾನೇ ಒಡೆಯುತ್ತಿರುತ್ತದೆ. ಎರಡು ಅಣು ಎದುರಾದಾಗ ಒಂದರ ಪ್ರೋಟಾನು ಇನ್ನೊಂದಕ್ಕೆ ಹಾರಿ, ಒಂದು ಹೈಡ್ರೋನಿಯಂ (ಹೈಡ್ರೋಜನ್ ಅಯಾನು ಎನ್ನುವುದೂ ಇದನ್ನೇ), ಒಂದು ಹೈಡ್ರಾಕ್ಸೈಡ್ ಅಯಾನು ಆಗುತ್ತವೆ. ಕ್ಷಣದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. 25 ಡಿಗ್ರಿಯಲ್ಲಿ ಹೀಗೆ ಒಡೆದ ಸ್ಥಿತಿಯಲ್ಲಿರುವುದು ಸುಮಾರು 55 ಕೋಟಿ ಅಣುಗಳಿಗೆ ಒಂದು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂಥ ಒಂಬತ್ತು ಕರ್ನಾಟಕಗಳನ್ನು ಸೇರಿಸಿ ಅದರೊಳಗೆ ಒಬ್ಬನನ್ನು ಹುಡುಕಿದಂತೆ. ಅಣು ಒಡೆಯಲು ಶಾಖ ಬೇಕು, ಒಂದು ಮೋಲ್‌ಗೆ ಸುಮಾರು 55.8 ಕಿಲೋಜೂಲ್. ಶಾಖ ಹೀರಿಕೊಂಡು ನಡೆಯುವ ಕ್ರಿಯೆಗೆ ಶಾಖ ಕೊಟ್ಟರೆ ಅದು ಮುಂದಕ್ಕೇ ಸಾಗುತ್ತದೆ. ಪಿಯುಸಿಯಲ್ಲಿ ಓದಿದ ಲೆ ಶಾಟೆಲಿಯೇ ತತ್ವ ಇಲ್ಲಿ ನೇರವಾಗಿ ಕೆಲಸ ಮಾಡುತ್ತದೆ. ನೀರು ಬಿಸಿಯಾದಷ್ಟೂ ಒಡೆದ ಅಣುಗಳು ಹೆಚ್ಚು. ಪಿಎಚ್ ಎಂಬುದು ಹೈಡ್ರೋಜನ್ ಅಯಾನು ಹೆಚ್ಚಿದಷ್ಟೂ ಇಳಿಯುವ ಲಾಗ್ ಅಳತೆ. ಹೈಡ್ರೋಜನ್ ಅಯಾನು ಹೆಚ್ಚಿತು, ಆದ್ದರಿಂದ ಪಿಎಚ್ ಇಳಿಯಿತು. ಆದರೆ ಹೈಡ್ರಾಕ್ಸೈಡ್ ಕೂಡ ಅಷ್ಟಕ್ಕಷ್ಟೇ ಹೆಚ್ಚಿರುತ್ತದೆ, ಯಾಕೆಂದರೆ ಎರಡೂ ಜೋಡಿಯಾಗಿಯೇ ಹುಟ್ಟುವುದು. ತಟಸ್ಥ ಎಂಬ ಮಾತಿಗೆ ಇರುವ ಅರ್ಥ ಇದೊಂದೇ: ಎರಡೂ ಸಮ. ಏಳು ಎಂಬ ಅಂಕಿಗೂ ತಟಸ್ಥತೆಗೂ ಇರುವ ನಂಟು 25 ಡಿಗ್ರಿಯ ಒಂದು ಕಾಕತಾಳೀಯ. ಆ ತಾಪದಲ್ಲಿ ಎರಡೂ ಅಯಾನುಗಳ ಗುಣಲಬ್ಧ ಹೆಚ್ಚುಕಡಿಮೆ ಸರಿಯಾಗಿ 10⁻¹⁴ ಆಗಿ ಕೂತುಬಿಟ್ಟಿದೆ.

ಅಂಕಿಗಳು ಹೀಗಿವೆ. ಸೊನ್ನೆ ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ 7.47. 10ರಲ್ಲಿ 7.27, 20ರಲ್ಲಿ 7.08, 25ರಲ್ಲಿ 7.00, 30ರಲ್ಲಿ 6.92, 40ರಲ್ಲಿ 6.77, 50ರಲ್ಲಿ 6.63, 60ರಲ್ಲಿ 6.51. ನೂರು ಡಿಗ್ರಿಯ ಹೊತ್ತಿಗೆ 6.1ರ ಆಸುಪಾಸು. ಗಮನಿಸಿ, ತಣ್ಣಗಿರುವಾಗ ಹತ್ತು ಡಿಗ್ರಿಗೆ 0.2 ಇಳಿದರೆ, ಬಿಸಿಯಾದ ಮೇಲೆ ಅದೇ ಹತ್ತು ಡಿಗ್ರಿಗೆ 0.12 ಮಾತ್ರ. ಗೆರೆ ನೇರವಾಗಿಲ್ಲ, ಮೇಲೆ ಹೋದಂತೆ ಚಪ್ಪಟೆಯಾಗುತ್ತದೆ. ಒತ್ತಡದ ಪಾತ್ರೆಯಲ್ಲಿ ನೀರನ್ನು ದ್ರವವಾಗಿಯೇ ಉಳಿಸಿಕೊಂಡು ಸುಮಾರು 250 ಡಿಗ್ರಿವರೆಗೆ ಒಯ್ದರೆ 5.6ರ ಹತ್ತಿರ ತಳ ಮುಟ್ಟಿ, ಆಮೇಲೆ ಮೇಲೇಳುತ್ತದೆ. ಮೈಯ 37 ಡಿಗ್ರಿಯಲ್ಲಿ ತಟಸ್ಥ ಬಿಂದು 6.81. ರಕ್ತದ 7.4 ಅದಕ್ಕಿಂತ ಎಷ್ಟು ಮೇಲಿದೆ ಎಂದು ಹೇಳುವಾಗ ಹೋಲಿಸಬೇಕಾದ್ದು ಈ ಅಂಕಿಗೆ, ಏಳಕ್ಕಲ್ಲ.

ಪಟ್ಟಿ ನಂಬದವರು ಕ್ಯಾಲ್ಕುಲೇಟರ್ ಹಿಡಿದು ನೋಡಬಹುದು. ತಾಪಕ್ಕೆ ತಕ್ಕಂತೆ ಕ್ರಿಯೆಯ ಸಮತೋಲ ಎಷ್ಟು ಬದಲಾಗುತ್ತದೆಂದು ಹೇಳುವ ವಾಂಟ್ ಹಾಫ್ ಸಮೀಕರಣ ಸಾಕು. ಮೇಲೆ ಹೇಳಿದ ಶಾಖ 55,800 ಜೂಲನ್ನು ಅನಿಲ ಸ್ಥಿರಾಂಕ 8.314ರಿಂದ ಭಾಗಿಸಿದರೆ 6712. 25 ಡಿಗ್ರಿಯೆಂದರೆ 298.15 ಕೆಲ್ವಿನ್, 40 ಎಂದರೆ 313.15. ಒಂದನ್ನು ಇವೆರಡರಿಂದ ಭಾಗಿಸಿ ಕಳೆದರೆ 0.0001607. ಗುಣಿಸಿದರೆ 1.078. ಇದರ ಘಾತೀಯ ಬೆಲೆ 2.94. ಅಂದರೆ 15 ಡಿಗ್ರಿ ಏರಿಕೆಗೆ ಅಯಾನುಗಳ ಗುಣಲಬ್ಧ ಸುಮಾರು ಮೂರು ಪಟ್ಟಾಯಿತು. ಇಬ್ಬರೂ ಸಮಪಾಲುದಾರರಾದ್ದರಿಂದ ಒಬ್ಬೊಬ್ಬರ ಪಾಲಿಗೆ ಅದರ ವರ್ಗಮೂಲ, 1.71 ಪಟ್ಟು. 1.71ರ ಲಾಗ್ 0.23. ಏಳರಿಂದ ಕಳೆದರೆ 6.77. ಪಟ್ಟಿಯ ಅಂಕಿಯೇ ಬಂತು. ಇದನ್ನು ತರಗತಿಯಲ್ಲಿ ಒಮ್ಮೆ ಬೋರ್ಡಿನ ಮೇಲೆ ಬಿಡಿಸಿಬಿಟ್ಟರೆ ಮಕ್ಕಳಿಗೆ ಪಟ್ಟಿ ಉರುಹೊಡೆಯುವ ಕೆಲಸವೇ ಇಲ್ಲ.

ಇದರ ಮಗ್ಗುಲನ್ನೂ ನೋಡಬೇಕು. 40 ಡಿಗ್ರಿಯ ನೀರಿನ ಪಿಎಚ್ ನಿಜಕ್ಕೂ 7.00 ಇದೆ ಎಂದುಕೊಳ್ಳಿ. ಹೈಡ್ರೋಜನ್ ಅಯಾನು 10⁻⁷. ಆ ತಾಪದಲ್ಲಿ ಎರಡೂ ಅಯಾನುಗಳ ಲಾಗ್ ಅಂಕಿಗಳನ್ನು ಕೂಡಿದ ಒಟ್ಟು ಲೆಕ್ಕ 13.53, ಹಾಗಾಗಿ ಹೈಡ್ರಾಕ್ಸೈಡ್‌ಗೆ ಉಳಿದದ್ದು 6.53, ಅಂದರೆ 2.95 × 10⁻⁷. ಹೈಡ್ರೋಜನ್‌ನ ಮೂರು ಪಟ್ಟು. 'ಸರಿಯಾಗಿ ಏಳು ಬಂತು' ಎಂದು ಬೀಗಿದ ಆ ನೀರು ಕ್ಷಾರೀಯ.

ಆಮ್ಲ, ಕ್ಷಾರಗಳ ದ್ರಾವಣಕ್ಕೆ ಬಂದರೆ ಇದೇ ಕಾರಣ ಬೇರೆ ಬೇರೆ ರೀತಿ ಕಾಣುತ್ತದೆ. ಲೀಟರಿಗೆ 0.001 ಮೋಲ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 25ರಲ್ಲಿ 3.00, 35ರಲ್ಲೂ 3.00. ಅಲ್ಲಿನ ಹೈಡ್ರೋಜನ್ ಎಲ್ಲ ಆಮ್ಲದಿಂದ ಬಂದದ್ದು, ನೀರಿನ ಪಾಲು ಲೆಕ್ಕಕ್ಕೇ ಇಲ್ಲ. ಅದೇ ಸಾರತೆಯ ಕಾಸ್ಟಿಕ್ ಸೋಡಾ 25ರಲ್ಲಿ 11.00 ಇದ್ದದ್ದು 35ಕ್ಕೆ 10.68 ಆಗುತ್ತದೆ. ಶುದ್ಧ ನೀರು 0.16 ಇಳಿದ ಕಡೆ ಕ್ಷಾರ 0.32 ಇಳಿಯಿತು, ಸರಿಯಾಗಿ ಎರಡರಷ್ಟು. ಅಲ್ಲಿ ಹೈಡ್ರಾಕ್ಸೈಡ್ ಕದಲುವುದಿಲ್ಲ, ಒಟ್ಟು ಲೆಕ್ಕ ಇಳಿದದ್ದರ ಪೂರ್ತಿ ಭಾರ ಪಿಎಚ್ ಮೇಲೆಯೇ ಬೀಳುತ್ತದೆ. ಶಾಲಾ ಪ್ರಯೋಗದಲ್ಲಿ ಕಾಸ್ಟಿಕ್ ದ್ರಾವಣದ ಪಿಎಚ್ ಬೇಸಿಗೆಯಲ್ಲಿ 'ಕಡಿಮೆ ಬಂತು' ಎಂದರೆ ದ್ರಾವಣ ತಯಾರಿಸಿದವರನ್ನು ದೂರುವ ಮೊದಲು ಥರ್ಮಾಮೀಟರ್ ನೋಡಿ.

ಈಗ ಮೀಟರಿನ ಮಾತು. ಇಲ್ಲೇ ಹೆಚ್ಚು ಗೊಂದಲ.

'ನಮ್ಮ ಮೀಟರಿಗೆ ಎಟಿಸಿ (ಆಟೋಮ್ಯಾಟಿಕ್ ಟೆಂಪರೇಚರ್ ಕಾಂಪೆನ್ಸೇಷನ್) ಇದೆ, ತಾಪಮಾನವನ್ನು ಅದೇ ಸರಿಮಾಡಿಕೊಳ್ಳುತ್ತದೆ' ಎನ್ನುತ್ತಾರೆ. ಎಟಿಸಿ ಸರಿಮಾಡುವುದು ಎಲೆಕ್ಟ್ರೋಡಿನ ಇಳಿಜಾರನ್ನು ಮಾತ್ರ. ಗಾಜಿನ ಎಲೆಕ್ಟ್ರೋಡ್ ಒಂದು ಪಿಎಚ್ ವ್ಯತ್ಯಾಸಕ್ಕೆ 25 ಡಿಗ್ರಿಯಲ್ಲಿ 59.16 ಮಿಲಿವೋಲ್ಟ್ ಕೊಡುತ್ತದೆ, 35ರಲ್ಲಿ 61.14. ಎಷ್ಟು ಮಿಲಿವೋಲ್ಟಿಗೆ ಒಂದು ಪಿಎಚ್ ಎಂದು ಲೆಕ್ಕ ಹಾಕಬೇಕೆಂಬುದನ್ನಷ್ಟೇ ಎಟಿಸಿ ಮೀಟರಿಗೆ ತಿಳಿಸುತ್ತದೆ. ನೀರಿನೊಳಗೆ ಆಗಿರುವ ಬದಲಾವಣೆಯನ್ನು ಅದು ಮುಟ್ಟುವುದಿಲ್ಲ, ಮುಟ್ಟಲೂಬಾರದು. 35 ಡಿಗ್ರಿಯ ನೀರು 25ಕ್ಕೆ ಬಂದರೆ ಎಷ್ಟು ತೋರುತ್ತದೆ ಎಂದು ಹೇಳಬೇಕಾದರೆ ಅದರಲ್ಲಿ ಏನೇನು ಕರಗಿದೆಯೆಂದು ಗೊತ್ತಿರಬೇಕು. ಮೀಟರಿಗೆ ಅದು ಹೇಗೆ ಗೊತ್ತಾದೀತು?

ಇನ್ನೊಂದು ಸೂಕ್ಷ್ಮ. ಇಳಿಜಾರಿನ ತಪ್ಪು ಏಳರಿಂದ ದೂರ ಹೋದಷ್ಟೂ ದೊಡ್ಡದಾಗುತ್ತದೆ, ಏಳರಲ್ಲಿ ಸೊನ್ನೆ. 35 ಡಿಗ್ರಿಯ ಪಿಎಚ್ 4 ದ್ರಾವಣವನ್ನು 25ಕ್ಕೆ ಹೊಂದಿಸಿದ ಮೀಟರಿನಲ್ಲಿ ಅಳೆದರೆ 3.90 ಬರುತ್ತದೆ, 0.1 ತಪ್ಪು. 35 ಡಿಗ್ರಿಯ ಶುದ್ಧ ನೀರಿನಲ್ಲಿ ಎಲೆಕ್ಟ್ರೋಡ್ ಕೊಡುವುದೇ ಹತ್ತು ಮಿಲಿವೋಲ್ಟಿನ ಒಳಗೆ. ಅದನ್ನು 59ರಿಂದ ಭಾಗಿಸಿದರೂ 61ರಿಂದ ಭಾಗಿಸಿದರೂ ಉತ್ತರ 6.84 ಅಥವಾ 6.83. ಹಾಗಾಗಿ ಶುದ್ಧ ನೀರು ಏಳು ತೋರಿಸಲಿಲ್ಲವೆಂದು ಎಟಿಸಿ ಪ್ರೋಬ್ ಬದಲಾಯಿಸುವುದು ದುಡ್ಡು ದಂಡ.

ಕ್ಯಾಲಿಬ್ರೇಷನ್‌ಗೆ ಬಳಸುವ ಬಫರುಗಳ, ಅಂದರೆ ಆಮ್ಲ ಕ್ಷಾರ ಬಿದ್ದರೂ ಸುಲಭಕ್ಕೆ ಕದಲದ ದ್ರಾವಣಗಳ, ಪಿಎಚ್ ಕೂಡ ತಾಪಕ್ಕೆ ಬದಲಾಗುತ್ತದೆ. ಪೊಟ್ಟಣದ ಮೇಲಿನ 6.86 ಎಂಬುದು 25 ಡಿಗ್ರಿಯದ್ದು. ಈ ಫಾಸ್ಫೇಟ್ ಬಫರ್ 20ರಲ್ಲಿ 6.88, 35ರಲ್ಲಿ 6.84. ಥಾಲೇಟ್ ಬಫರ್ 25ರಲ್ಲಿ 4.01, 35ರಲ್ಲಿ 4.02. ಹೆಚ್ಚು ಕಾಡುವುದು ಬೋರಾಕ್ಸ್: 25ರಲ್ಲಿ 9.18, 35ರಲ್ಲಿ 9.10. ಏಪ್ರಿಲ್‌ನಲ್ಲಿ ಸ್ಕ್ರೂ ತಿರುಗಿಸಿ 9.18ಕ್ಕೆ ಕೂರಿಸಿದರೆ ಆ ತುದಿಯಲ್ಲಿ 0.08 ಸುಳ್ಳನ್ನು ನೀವೇ ಮೀಟರಿಗೆ ಕಲಿಸಿಕೊಟ್ಟಂತೆ. ಮೇಲ್ಮಟ್ಟದ ಮೀಟರುಗಳು ಈ ಪಟ್ಟಿಯನ್ನು ಒಳಗೇ ಇಟ್ಟುಕೊಂಡಿರುತ್ತವೆ, ಪೆನ್ನಿನಂಥ ಸಣ್ಣ ಮೀಟರುಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಪುಡಿಯ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು, ಸಾಮಾನ್ಯವಾಗಿ 250 ಮಿಲಿಲೀಟರ್, ಡಿಸ್ಟಿಲ್ಡ್ ನೀರಿಗೇ ಹಾಕಿ. ಬೋರಾಕ್ಸ್‌ಗೆ ಆ ನೀರನ್ನು ಕುದಿಸಿ ಆರಿಸಿಕೊಳ್ಳಿ, ಇಲ್ಲವಾದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅದನ್ನು ಕೆಳಕ್ಕೆಳೆಯುತ್ತದೆ.

ಇಲ್ಲೊಂದು ಚೆಂದದ ಸಂಗತಿ ಇದೆ. 35 ಡಿಗ್ರಿಯಲ್ಲಿ ಶುದ್ಧ ನೀರೂ 6.84, ಫಾಸ್ಫೇಟ್ ಬಫರೂ 6.84. ಒಂದೇ ಅಂಕಿ, ಸ್ವಭಾವದಲ್ಲಿ ಆಕಾಶ ಭೂಮಿ ಅಂತರ. ನೂರು ಮಿಲಿಲೀಟರ್ ಬಫರಿಗೆ ಅಡುಗೆಮನೆಯ ವಿನೆಗರ್ ಒಂದು ಹನಿ ಬಿಟ್ಟರೆ ಪಿಎಚ್ ಒಂದೆರಡು ನೂರನೇ ಭಾಗ ಕದಲಬಹುದು. ನೂರು ಮಿಲಿಲೀಟರ್ ಶುದ್ಧ ನೀರಿಗೆ ಅದೇ ಹನಿ ಬಿದ್ದರೆ 4.1ರ ಹತ್ತಿರಕ್ಕೆ ಕುಸಿಯುತ್ತದೆ. ಶುದ್ಧ ನೀರಿಗೆ ತಡೆದುಕೊಳ್ಳುವ ಶಕ್ತಿ ಇಲ್ಲವೇ ಇಲ್ಲ. ಬೆರಳು, ಸರಿಯಾಗಿ ತೊಳೆಯದ ಬೀಕರು, ಹಿಂದಿನ ಬಫರಿನ ಉಳಿಕೆ, ಏನು ತಗುಲಿದರೂ ಅಂಕಿ ಕೆಡುತ್ತದೆ. ಲಿಟ್ಮಸ್, ಪಿಎಚ್ ಪೇಪರ್, ಬ್ರೋಮೋಥೈಮಾಲ್ ಬ್ಲೂ ಇಲ್ಲಿ ಕೆಲಸಕ್ಕೆ ಬಾರವು, ಏಕೆಂದರೆ ಆ ಬಣ್ಣಗಳೇ ಆಮ್ಲ ಅಥವಾ ಕ್ಷಾರ. ಅಳೆಯಲು ಬಂದವರೇ ನೀರನ್ನು ಬದಲಾಯಿಸಿಬಿಡುತ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಶತ್ರು ಗಾಳಿ. ತೆರೆದಿಟ್ಟ ಡಿಸ್ಟಿಲ್ಡ್ ವಾಟರ್ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಲೀಟರಿಗೆ 0.6 ಮಿಲಿಗ್ರಾಂ ಕರಗಿದರೆ ಸಾಕು, ಪಿಎಚ್ 5.6ಕ್ಕೆ ಬಂದು ನಿಲ್ಲುತ್ತದೆ. ಹೈಡ್ರೋಜನ್ ಅಯಾನು 25 ಪಟ್ಟು! ತಾಪದಿಂದ ಆಗುವ 1.7 ಪಟ್ಟು ಇದರ ಮುಂದೆ ಎಲ್ಲಿ? ಅಷ್ಟೇ ಅಲ್ಲ, ಗಾಳಿಗೆ ತೆರೆದ ಇಂಥ ನೀರನ್ನು ಬಿಸಿ ಮಾಡಿದರೆ ಪಿಎಚ್ ಇಳಿಯುವುದೂ ಇಲ್ಲ. ಬಿಸಿ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ, ಹಾಗಾಗಿ 25ರಿಂದ 35ಕ್ಕೆ ಹೋದಾಗ ಅಂಕಿ ಇದ್ದಲ್ಲೇ ಇರುತ್ತದೆ, ಇಲ್ಲವೇ ಕೂದಲೆಳೆಯಷ್ಟು ಮೇಲೇರುತ್ತದೆ. ಬೀಕರಿನಲ್ಲಿ ನೀರು ಕಾಯಿಸುತ್ತ ಎಲೆಕ್ಟ್ರೋಡ್ ಅದ್ದಿ 'ಪುಸ್ತಕದಲ್ಲಿರುವಂತೆ ಇಳಿಯಲಿಲ್ಲ' ಎನ್ನುವವರು ಅಳೆದದ್ದು ನೀರನ್ನಲ್ಲ, ದಾವಣಗೆರೆಯ ಗಾಳಿಯನ್ನು.

ಸರಿಯಾಗಿ ಮಾಡುವುದು ಹೀಗೆ. ನೀರು ಡಿಸ್ಟಿಲ್ಡ್ ಅಥವಾ ಡಿಅಯಾನೈಸ್ಡ್ ಆಗಿರಲಿ, ವಾಹಕತೆ ಸೆಂಟಿಮೀಟರಿಗೆ ಒಂದೆರಡು ಮೈಕ್ರೋಸೀಮೆನ್ಸ್ ಒಳಗಿರಲಿ. ಸಂಪೂರ್ಣ ಶುದ್ಧ ನೀರಿನದು 25 ಡಿಗ್ರಿಯಲ್ಲಿ 0.055, ನಮ್ಮ ಲ್ಯಾಬುಗಳಲ್ಲಿ ಅದು ಸಿಗದು, ಬೇಕಾಗಿಯೂ ಇಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ಬಾಟಲಿ ತಂದರೆ ಮೊದಲು ಟಿಡಿಎಸ್ ಪೆನ್ (ಕರಗಿದ ಲವಣ ಅಳೆಯುವ ಸಣ್ಣ ಮೀಟರು) ಅದ್ದಿ, 0 ಅಥವಾ 1 ತೋರಿಸಿದರೆ ಮಾತ್ರ ಮುಂದುವರಿಯಿರಿ. ಅಂಗಡಿಯ ಕುಡಿಯುವ ನೀರು ಬೇಡ. 500 ಮಿಲಿಲೀಟರನ್ನು ಬೋರೋಸಿಲಿಕೇಟ್ ಫ್ಲಾಸ್ಕಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಚಿತ್ರದುರ್ಗದ ಎತ್ತರದಲ್ಲಿ ನೀರು 98 ಡಿಗ್ರಿಗೂ ಸ್ವಲ್ಪ ಕೆಳಗೇ ಕುದಿಯುತ್ತದೆ, ಅದರಿಂದ ತೊಂದರೆಯಿಲ್ಲ. ಅನಿಲ ಹೊರದೂಡುವುದು ಗುಳ್ಳೆಗಳ ಕೆಲಸ. ಇಳಿಸಿದ ಕೂಡಲೇ ಸೋಡಾ ಲೈಮ್ ತುಂಬಿದ ಕೊಳವೆಯಿರುವ ರಬ್ಬರ್ ಕಾರ್ಕ್ ಹಾಕಿ. ನೀರು ಆರುವಾಗ ಒಳಗೆಳೆದುಕೊಳ್ಳುವ ಗಾಳಿ ಆ ಸೋಡಾ ಲೈಮ್ ಮೂಲಕ ಹಾದು, ಕಾರ್ಬನ್ ಡೈಆಕ್ಸೈಡ್ ಅಲ್ಲೇ ಉಳಿಯುತ್ತದೆ. ಕಾರ್ಕನ್ನು ಕೊಳವೆಯಿಲ್ಲದೆ ಬಿಗಿಯಾಗಿ ಹಾಕಿದರೆ ಒಳಗೆ ನಿರ್ವಾತವಾಗಿ ಕಾರ್ಕು ಕಚ್ಚಿಕೊಳ್ಳುತ್ತದೆ, ತೆಳು ಗಾಜಾದರೆ ಒಡೆಯಲೂಬಹುದು.

ಇಷ್ಟು ಶುದ್ಧ ನೀರಿನಲ್ಲಿ ಎಲೆಕ್ಟ್ರೋಡಿಗೆ ಹಿಡಿತ ಸಿಗುವುದಿಲ್ಲ. ವಿದ್ಯುತ್ ಹರಿಯಲು ಅಯಾನುಗಳೇ ಇಲ್ಲದ್ದರಿಂದ ಅಂಕಿ ನಿಲ್ಲದೆ ತೇಲುತ್ತದೆ, ಕಲಕಿದರೆ ಒಂದು, ಬಿಟ್ಟರೆ ಒಂದು. ಅದಕ್ಕೆ ನೂರು ಮಿಲಿಲೀಟರಿಗೆ 0.3 ಮಿಲಿಲೀಟರ್ ಪರ್ಯಾಪ್ತ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ, ಡ್ರಾಪರಿನಲ್ಲಿ ಸುಮಾರು ಆರು ಹನಿ, ಸೇರಿಸಿ. ಔಷಧ ಪರೀಕ್ಷಾಲಯಗಳಲ್ಲಿ ಶುದ್ಧ ನೀರಿನ ಪಿಎಚ್ ನೋಡುವಾಗ ಬಳಸುವ ಪ್ರಮಾಣವೂ ಇದೇ. ಅದು ತಟಸ್ಥ ಲವಣ, ವಾಹಕತೆ ಕೊಡುತ್ತದೆ, ಪಿಎಚ್ ಕದಲಿಸುವುದಿಲ್ಲ. ಆದರೆ ಎಆರ್ (ವಿಶ್ಲೇಷಣೆಗೆ ಬಳಸುವ ಹೆಚ್ಚು ಶುದ್ಧ) ದರ್ಜೆಯದ್ದೇ ಬೇಕು. ಕಡಿಮೆ ದರ್ಜೆಯ ಲವಣದೊಳಗಿನ ಚೂರು ಕ್ಷಾರವೋ ಆಮ್ಲವೋ ಈ ಬಡಪಾಯಿ ನೀರಿಗೆ ಸಾಕಾಗುತ್ತದೆ.

ಫ್ಲಾಸ್ಕಿನ ಬಾಯಿಗೆ ಎಲೆಕ್ಟ್ರೋಡ್, ಥರ್ಮಾಮೀಟರ್ ಎರಡೂ ಹೋಗುವ ಎರಡು ತೂತಿನ ಕಾರ್ಕ್ ಹಾಕಿ, ನೀರಿನ ತೊಟ್ಟಿಯಲ್ಲಿ ಕೂರಿಸಿ, 20ರಿಂದ ಶುರುಮಾಡಿ ಹತ್ತತ್ತು ಡಿಗ್ರಿ ಏರಿಸುತ್ತ 50ರವರೆಗೆ ಹೋಗಿ. ಪ್ರತಿ ಹಂತದಲ್ಲೂ ಐದು ನಿಮಿಷ ಕಾಯಿರಿ. ನೀರು ಬಿಸಿಯಾದರೂ ಎಲೆಕ್ಟ್ರೋಡಿನ ಒಳಗಿನ ದ್ರಾವಣ ಬಿಸಿಯಾಗಲು ಹೊತ್ತು ಬೇಕು, ಆತುರದಲ್ಲಿ ಬರೆದ ಅಂಕಿ ಅರ್ಧ ದಾರಿಯದ್ದು. ಪ್ಲಾಸ್ಟಿಕ್ ಮೈಯ ಎಲೆಕ್ಟ್ರೋಡುಗಳಲ್ಲಿ ಹಲವು 60 ಡಿಗ್ರಿ ದಾಟಬಾರದು. ಬರಬೇಕಾದ್ದು 7.08, 6.92, 6.77, 6.63. ಕಾಲೇಜು ಸಲಕರಣೆಯಲ್ಲಿ ಈ ಅಂಕಿಗಳು 0.1 ಆಚೀಚೆ ಆದರೂ ಬೇಸರ ಬೇಡ, ಇಳಿಯುವ ಅಂತರ ಸರಿಬಂದರೆ ಪ್ರಯೋಗ ಗೆದ್ದಂತೆ. ಮೊದಲ ಅಂಕಿಯೇ 6.2, 6.0 ಎಂದು ಬಂದರೆ ಗಾಳಿ ನುಗ್ಗಿದೆ, ಮತ್ತೆ ಕುದಿಸಿ. ಮುಗಿದ ಮೇಲೆ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ ಹೋಗುವ ಅಭ್ಯಾಸ ಎಷ್ಟೋ ಕಡೆ ಇದೆ. ದಯವಿಟ್ಟು ಬಿಡಿ. ಒಳಗಿನ ಲವಣವೆಲ್ಲ ಹೊರಬಂದು ಎಲೆಕ್ಟ್ರೋಡ್ ಮಂದವಾಗುತ್ತದೆ. ಲೀಟರಿಗೆ 3 ಮೋಲ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿಡಿ, ಒರೆಸುವಾಗ ಉಜ್ಜದೆ ಟಿಶ್ಯೂ ಒತ್ತಿ ತೆಗೆಯಿರಿ.

ಕುಡಿಯುವ ನೀರಿಗೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಲು ಹೋಗಬೇಡಿ. ಚಿತ್ರದುರ್ಗ ಕಡೆಯ ಗಡಸು ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿ ಅಳೆದರೆ ಪಿಎಚ್ ಏರಿರುತ್ತದೆ. ಅದರಲ್ಲಿ ಬೈಕಾರ್ಬನೇಟ್ ತುಂಬಿದೆ. ಕುದಿಸಿದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬನೇಟ್ ಬಿಳಿ ಪದರವಾಗಿ ಪಾತ್ರೆಯ ತಳಕ್ಕೆ ಕಚ್ಚುತ್ತದೆ. ಸ್ನಾನದ ಹಂಡೆ, ಗೀಸರಿನ ಕಾಯಿಲು ಬಿಚ್ಚಿದವರಿಗೆ ಆ ಪದರ ಗೊತ್ತು. ಕುದಿಸದಿದ್ದರೂ ಸರಿ, ಆಳದಿಂದ ಬಂದ ನೀರು ಬಕೆಟ್ಟಿನಲ್ಲಿ ಅರ್ಧ ಗಂಟೆ ನಿಂತರೆ ಅನಿಲ ಕಳೆದುಕೊಂಡು ಪಿಎಚ್ ಮೇಲೇರುತ್ತದೆ. ಆದ್ದರಿಂದ ಬೋರ್‌ವೆಲ್ ನೀರಿನ ಪಿಎಚ್ ಅನ್ನು ಕೊಳವೆಯ ಬಾಯಲ್ಲೇ ಅಳೆಯಬೇಕು. ಬಾಟಲಿಯಲ್ಲಿ ಅರ್ಧ ತುಂಬಿಸಿ ಊರಾಚೆಯ ಲ್ಯಾಬಿಗೆ ಒಯ್ದದ್ದು ಬೇರೆಯೇ ನೀರು.

ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇದರ ತಿರುವುಮುರುವು. ಆರ್‌ಓ ಪೊರೆ ಬೈಕಾರ್ಬನೇಟನ್ನು ತಡೆಯುತ್ತದೆ, ಕಾರ್ಬನ್ ಡೈಆಕ್ಸೈಡ್ ಅನಿಲವಾದ್ದರಿಂದ ಪೊರೆ ದಾಟಿಬಿಡುತ್ತದೆ. ಹೀಗಾಗಿ ಹೊರಬರುವ ನೀರಿನ ಪಿಎಚ್ 6ರಿಂದ 6.8ರ ನಡುವೆ ಇರುವುದು ಸಾಮಾನ್ಯ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ಹೇಳುವ ಮಿತಿ 6.5ರಿಂದ 8.5. ಘಟಕದ ಅಂಕಿ 6.3ಕ್ಕೆ ಇಳಿದರೆ 'ಬಿಸಿಲು ಜಾಸ್ತಿ, ಅದಕ್ಕೇ' ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಶುದ್ಧ ನೀರಿನಲ್ಲೂ ಹತ್ತು ಡಿಗ್ರಿಗೆ ಬಿಸಿಲಿನ ಪಾಲು 0.16 ಮಾತ್ರ, ಬೈಕಾರ್ಬನೇಟ್ ಉಳಿದ ನೀರಿನಲ್ಲಿ ಅಷ್ಟೂ ಇಲ್ಲ. ಉಳಿದದ್ದು ಕಾರ್ಬನ್ ಡೈಆಕ್ಸೈಡಿನದು. ಮಾದರಿಯನ್ನು ಎರಡು ಲೋಟಗಳ ನಡುವೆ ಇಪ್ಪತ್ತು ಸಲ ಚಹಾದಂತೆ ಎತ್ತಿ ಸುರಿದು ಮತ್ತೆ ಅಳೆಯಿರಿ. ಅಂಕಿ ಮೇಲೇರಿದರೆ ಅನಿಲವೇ ಕಾರಣ. ಗಾಳಿಯಾಡಿಸುವ ವ್ಯವಸ್ಥೆ ಅಥವಾ ಕ್ಯಾಲ್ಸೈಟ್ ಕಾರ್ಟ್ರಿಡ್ಜ್ ಹಾಕಿದರೆ ಸರಿಹೋಗುತ್ತದೆ.

ಅಕ್ಕಿ ಗಿರಣಿಗಳಂಥ ಕಡೆ ಬಾಯ್ಲರ್ ನೋಡಿಕೊಳ್ಳುವವರಿಗೆ ಒಂದು ಮಾತು. ಬಾಯ್ಲರ್ ನೀರಿಗೆ ಕೊಟ್ಟಿರುವ ಪಿಎಚ್ ಮಿತಿಗಳೆಲ್ಲ 25 ಡಿಗ್ರಿಯ ಲೆಕ್ಕದವು, ಮತ್ತು ಆ ನೀರು ಕ್ಷಾರೀಯ. ಶುದ್ಧ ನೀರಿಗೆ ಅಮೋನಿಯಾ ಹಾಕಿ ಪಿಎಚ್ ಏರಿಸಿದ ಕಡೆ ಒಂದೊಂದು ಡಿಗ್ರಿಗೆ 0.03ರಷ್ಟು ಇಳಿಯುತ್ತದೆ. 45 ಡಿಗ್ರಿಯಲ್ಲಿ ಅಳೆದು 8.4 ಕಂಡು ಗಾಬರಿಯಿಂದ ಇನ್ನಷ್ಟು ರಾಸಾಯನಿಕ ಸುರಿದರೆ, ಆರಿದ ಮೇಲೆ ಅದು ಮೊದಲೇ 9ರಲ್ಲಿತ್ತೆಂದು ಗೊತ್ತಾಗುತ್ತದೆ. ಮಾದರಿ ಕೊಳವೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಸುರುಳಿ ಸುತ್ತಿ ಹಾಯಿಸಿ, ಹೊರಬರುವ ನೀರು 25ರ ಹತ್ತಿರ ಬಂದ ಮೇಲೆ ಎಲೆಕ್ಟ್ರೋಡ್ ಅದ್ದಿ. ಲಾಗ್ ಬುಕ್ಕಿನಲ್ಲಿ ಪಿಎಚ್ ಕಾಲಂ ಪಕ್ಕ ಗೆರೆ ಎಳೆದು ಡಿಗ್ರಿಗೆ ಇನ್ನೊಂದು ಕಾಲಂ ಮಾಡಿ, ಎರಡನ್ನೂ ಒಟ್ಟಿಗೇ ತುಂಬಿ.